ದುಡಿಮೆಯೂ ವಿರಾಮವೂ: ಯೆಹೂದ್ಯರ ಧರ್ಮಜೀವನ

ಧರ್ಮವು ದೇವಾಲಯದ ಗೋಡೆಗಳೊಳಗೆ ಮುಗಿಯತಕ್ಕುದೋ, ಅಂಗಡಿ ಅಡುಗೆಮನೆಗಳಿಗೂ ಬರತಕ್ಕುದೋ ಎಂಬ ಪ್ರಶ್ನೆಗೆ ಕಾಯಕತತ್ತ್ವದ ಮೂಲಕ ಶರಣರು ಕೊಟ್ಟ ಉತ್ತರವನ್ನು ಕನ್ನಡಿಗರು ಬಲ್ಲರು. ಯೆಹೂದ್ಯರ ಉತ್ತರವೂ ಅದಕ್ಕೆ ಸಮೀಪವಾದುದು. ಆದರೆ ಅದರಲ್ಲೊಂದು ವಿಶೇಷವಿದೆ. ದುಡಿಮೆಯು ಪವಿತ್ರವಾಗಬೇಕಾದರೆ ದುಡಿಯುವವನು ಅದನ್ನು ನಿಲ್ಲಿಸಲೂ ಬಲ್ಲವನಾಗಿರಬೇಕೆಂಬುದೇ ಆ ವಿಶೇಷ.

ಯೆಹೂದ್ಯರು ಕನ್ನಡನಾಡಿಗೆ ಹೊಸಬರಲ್ಲ. ಹೊಯ್ಸಳ ವಿಷ್ಣುವರ್ಧನನು ದೋರಸಮುದ್ರದಿಂದ ಆಳುತ್ತಿದ್ದ ಕಾಲದಲ್ಲಿಯೇ ಟುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿದ್ದನು. ಮೆಣಸು, ಅಡಿಕೆಗಳ ವ್ಯಾಪಾರದೊಡನೆ ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಯಾಗಾರವನ್ನೂ ಆತನು ನಡೆಸುತ್ತಿದ್ದನು. 1132ರಲ್ಲಿ ಮಂಗಳೂರಿನಲ್ಲಿಯೇ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಕೆಯೇ ಆತನ ಮಡದಿಯಾದಳೆಂದು ವಿದ್ವಾಂಸರ ಅಭಿಪ್ರಾಯ. 1149ರಲ್ಲಿ ಆತನು ಭಾರತವನ್ನು ಬಿಟ್ಟು ಏಡನ್ನಿಗೆ ತೆರಳಿದನು.

ಇಷ್ಟೆಲ್ಲ ವಿವರ ಉಳಿದು ಬಂದುದು ಒಂದು ಧರ್ಮಾಚರಣೆಯ ಫಲ. ದೇವರ ಹೆಸರಿರುವ ಬರಹವನ್ನು ಯೆಹೂದ್ಯರು ಬಿಸಾಡುವುದಿಲ್ಲ. 'ಗೆನೀಜಾ' ಎಂಬ ಕೋಣೆಯಲ್ಲಿರಿಸಿ, ಮುಂದೆ ಭೂಮಿಗೆ ಒಪ್ಪಿಸುತ್ತಾರೆ. ವ್ಯಾಪಾರದ ಓಲೆಯೂ ಸಾಮಾನ್ಯವಾಗಿ ದೈವಸ್ಮರಣೆಯಿಂದಲೇ ಆರಂಭವಾಗುತ್ತಿತ್ತು. ಆದುದರಿಂದ ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಲೆಕ್ಕಪತ್ರಗಳೂ ಧರ್ಮಗ್ರಂಥದ ಹಾಳೆಗಳೂ ಒಂದೇ ಕೋಣೆಯಲ್ಲಿ ಉಳಿದವು. ಅವುಗಳಲ್ಲಿ ಬಹುಭಾಗವನ್ನು 1896-97ರಲ್ಲಿ ಸಾಲೊಮನ್ ಷೆಕ್ಟರ್ ಕೇಂಬ್ರಿಜ್ಜಿಗೆ ಸಾಗಿಸಿದರು. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದವುಗಳನ್ನು ಎಸ್. ಡಿ. ಗಾಯ್ಟೈನ್ ಮುಂದೆ ಹೊಂದಿಸಿ ಓದಿದರು.

ಇಂತಹ ನಿತ್ಯಜೀವನದ ನಡುಗಂಬವೆಂದರೆ 'ಶಬ್ಬಾತ್'. ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನ ಗೃಹಿಣಿಯು ದೀಪ ಹಚ್ಚುತ್ತಾಳೆ. ದ್ರಾಕ್ಷಾರಸ ಮತ್ತು ರೊಟ್ಟಿಗಳ ಮೇಲೆ ಆಶೀರ್ವಚನವನ್ನು ಹೇಳಿ ಮನೆಯವರೆಲ್ಲ ಉಣ್ಣುತ್ತಾರೆ. ಶನಿವಾರ ರಾತ್ರಿ ನಕ್ಷತ್ರಗಳು ಕಾಣುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಕೊಡುಕೊಳ್ಳುವಂತಿಲ್ಲ. ಈ ವಿರಾಮವು ಯಜಮಾನನೊಬ್ಬನಿಗೇ ಸಲ್ಲತಕ್ಕುದಲ್ಲ. ಆಳಿಗೂ ಎತ್ತಿಗೂ ಪರದೇಶಿಗೂ ಸಲ್ಲಬೇಕೆಂದು ಶಾಸ್ತ್ರವು ವಿಧಿಸುತ್ತದೆ. ಒಮ್ಮೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು ಪರರ ಆಯಾಸವನ್ನು ಮರೆಯಬಾರದೆಂಬುದು ಅದಕ್ಕೆ ಕೊಡುವ ಕಾರಣ. ಕೊಂಕಣ ತೀರದಲ್ಲಿ ಗಾಣದ ಕಸುಬನ್ನು ಹಿಡಿದಿದ್ದ ಬೆನೆ ಇಸ್ರೇಲರು ಶನಿವಾರ ಗಾಣವನ್ನು ಕಟ್ಟುತ್ತಿರಲಿಲ್ಲ. ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ', ಎಂದರೆ ಶನಿವಾರದ ಗಾಣಿಗರು, ಎಂದೇ ಕರೆದರು. ಕಸುಬಿನಿಂದ ಹೆಸರು ಪಡೆಯುವುದು ಲೋಕರೂಢಿ; ಇವರ ಹೆಸರಿನಲ್ಲಿ ಅವರ ಬಿಡುವೂ ಸೇರಿತು.

ಎರಡನೆಯದು 'ತ್ಸೆದಾಕಾ'. ದಾನವೆಂದು ಇದನ್ನು ಅನುವಾದಿಸುವುದುಂಟು. ಆದರೆ ಹೀಬ್ರೂ ಭಾಷೆಯಲ್ಲಿ ಈ ಶಬ್ದದ ಮೂಲಾರ್ಥ ನ್ಯಾಯ. ಬಡವನಿಗೆ ಕೊಡುವುದು ಔದಾರ್ಯವಲ್ಲ, ಸಲ್ಲಬೇಕಾದುದನ್ನು ಸಲ್ಲಿಸುವುದು. ಬೆನ್ ಯಿಜುವಿನ ಕಿರಿಯ ಸಮಕಾಲೀನನೂ ಹಳೆಯ ಕೈರೋದ ನಿವಾಸಿಯೂ ಆಗಿದ್ದ ತತ್ತ್ವಜ್ಞ ಮೈಮೊನಿಡೀಸನು ಇದರಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿದನು. ಮನಸ್ಸಿಲ್ಲದೆ ಕೊಡುವುದು ಕೊನೆಯದು. ಸಾಲ, ಪಾಲುದಾರಿಕೆ ಅಥವಾ ಕೆಲಸವನ್ನು ಒದಗಿಸಿ ಒಬ್ಬನು ಮತ್ತೆ ಕೈಯೊಡ್ಡದಂತೆ ಮಾಡುವುದು ಅತ್ಯುನ್ನತವಾದುದು. ಧರ್ಮವಿದ್ಯೆಯನ್ನು ಹೊಟ್ಟೆಪಾಡಿನ ಸಾಧನವಾಗಿಸಬಾರದೆಂದೂ ಆತನು ಕಟ್ಟುನಿಟ್ಟಾಗಿ ಹೇಳಿದನು. ವ್ಯಾಪಾರಕ್ಕಾಗಿ ಹೊರಟ ಆತನ ತಮ್ಮ ಡೇವಿಡನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಆ ಮೇಲೆ ಮೈಮೊನಿಡೀಸನು ವೈದ್ಯವೃತ್ತಿಯಿಂದ ಸಂಸಾರವನ್ನು ಸಲಹಿದನು.

ಮೂರನೆಯದು 'ತೆಷುವಾ', ಎಂದರೆ ಹಿಂದಿರುಗುವುದು. ವರ್ಷಕ್ಕೊಮ್ಮೆ ಬರುವ ಯೋಮ್ ಕಿಪ್ಪುರ್ ದಿನ ಉಪವಾಸವಿದ್ದು ದೇವರಲ್ಲಿ ಕ್ಷಮೆ ಬೇಡುತ್ತಾರೆ. ಆದರೆ ನೆರೆಯವನಿಗೆ ಮಾಡಿದ ಅನ್ಯಾಯವು ಆ ಉಪವಾಸದಿಂದ ತೀರುವುದಿಲ್ಲ. ಮೊದಲು ಅವನನ್ನೇ ಕಂಡು, ನಷ್ಟವನ್ನು ತುಂಬಿಕೊಟ್ಟು, ಸಮಾಧಾನಪಡಿಸಬೇಕು.

ಕಾಯಕವನ್ನು ನಂಬಿದವರಿಗೆ ಕಡ್ಡಾಯದ ವಿರಾಮವು ವಿಚಿತ್ರವಾಗಿ ತೋರಬಹುದು. ಬಸವಣ್ಣನವರ ಅಂಗಳದಿಂದ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಒಪ್ಪಿಸಿ ಬರುವಂತೆ ಹೇಳಿದ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಆಕೆ ಮಿತಿಯನ್ನು ಅಕ್ಕಿಯ ಅಳತೆಯಲ್ಲಿ ಕಂಡಳು. ಯೆಹೂದ್ಯರು ಅದನ್ನು ಕಾಲದ ಅಳತೆಯಲ್ಲಿ ಕಂಡರು. ಎರಡೂ ಕಡೆ ತಡೆದದ್ದು ಆಸೆಯನ್ನು, ದುಡಿಮೆಯನ್ನಲ್ಲ.