ಉತ್ಪಾದಕ ಕೃತಕಬುದ್ಧಿಯ ಪ್ರಯೋಜನವಿಚಾರ: ಅಷ್ಟೂರಿನ ನಿದರ್ಶನ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರ್ಣಯಿಸಿದ ಬಳಿಕವೇ ಶಾಸ್ತ್ರವನ್ನು ಆರಂಭಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಮರ್ಯಾದೆ. 2022ನೆಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದಂದಿನಿಂದ ವ್ಯಾಪಾರಸಂಸ್ಥೆಗಳೂ ಕಚೇರಿಗಳೂ ವಿದ್ಯಾಸಂಸ್ಥೆಗಳೂ ಉತ್ಪಾದಕ ಕೃತಕಬುದ್ಧಿಯನ್ನು ಸ್ವೀಕರಿಸುತ್ತಿರುವಲ್ಲಿ ಈ ಕ್ರಮವು ಅನೇಕ ವೇಳೆ ತಲೆಕೆಳಗಾಗಿದೆ. ಉಪಕರಣವು ಮೊದಲು ಬರುತ್ತದೆ. ಅದರಿಂದ ಆಗತಕ್ಕ ಕಾರ್ಯವನ್ನು ಆಮೇಲೆ ಅರಸುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ನಂದಾ ಯೋಜನೆಯವರು 2025ರಲ್ಲಿ ಪ್ರಕಟಿಸಿದ ವರದಿಯು, ಇಂಥ ಪ್ರಯತ್ನಗಳಲ್ಲಿ ನೂರಕ್ಕೆ 95 ಅಳೆಯಬಹುದಾದ ಲಾಭವನ್ನು ಕೊಡಲಿಲ್ಲವೆಂದಿತು. ಆ ಸಂಖ್ಯೆಯ ವಿಷಯದಲ್ಲಿ ವಿವಾದವುಂಟು. ಆದರೆ ಅದು ಎತ್ತಿದ ಪ್ರಶ್ನೆ ನಿರಾಕರಿಸತಕ್ಕದ್ದಲ್ಲ.

ಈ ಯಂತ್ರದ ಸ್ವರೂಪವೇನು? ಅಪಾರವಾದ ಲಿಖಿತಸಾಮಗ್ರಿಯಿಂದ ಪದಗಳ ಸಾಹಚರ್ಯವನ್ನು ಕಲಿತು, ಮುಂದೆ ಬರುವ ಸಂಭವ ಹೆಚ್ಚಾಗಿರುವ ಪದಾಂಶವನ್ನು ಒಂದೊಂದಾಗಿ ಜೋಡಿಸುತ್ತ ಹೋಗುವುದೇ ಅದರ ವ್ಯಾಪಾರ. ಆದುದರಿಂದ ಅದರ ವಾಕ್ಯದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ತೋರಬಹುದು. ಆದರೆ ಶಬ್ದವು ಪ್ರಮಾಣವಾಗುವುದಕ್ಕೆ ವಕ್ತಾರನು ಆಪ್ತನಾಗಿರಬೇಕೆಂದು ನೈಯಾಯಿಕರು ಹೇಳುತ್ತಾರೆ. ಯಂತ್ರವು ಆಪ್ತವಲ್ಲ; ಅದರ ಮಾತಿಗೆ ಪ್ರಾಮಾಣ್ಯವು ಪರೀಕ್ಷೆಯಿಂದ ಮಾತ್ರ ಬರತಕ್ಕದ್ದು.

ಬೀದರ ನಗರಕ್ಕೆ ಸಮೀಪದ ಅಷ್ಟೂರಿನ ಬಹಮನಿ ಸಮಾಧಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1422ರಿಂದ 1436ರ ವರೆಗೆ ಆಳಿದ ಅಹಮದ್ ಶಾಹನ ಗೋರಿಯ ಒಳಮೈ ವರ್ಣಚಿತ್ರಗಳಿಂದಲೂ ಬಂಗಾರದ ಲಿಪಿಗಳಿಂದಲೂ ಅಲಂಕೃತವಾಗಿದೆ. ಕೆರ್ಮಾನಿನ ಶಾಹ್ ನೇಮತುಲ್ಲಾನ ಪಾರಸಿ ಪದ್ಯಗಳೂ ಅಲ್ಲಿವೆ. ಈ ಲೇಖಗಳನ್ನು ಕುರಿತು ಗುಲಾಂ ಯಜ್ದಾನಿಯವರ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಇದೇ ಅರಸನನ್ನು ಮುಸಲ್ಮಾನರು ವಲಿಯೆಂದೂ ಹಿಂದೂ ಭಕ್ತರು ಅಲ್ಲಮಪ್ರಭುವೆಂದೂ ಗೌರವಿಸುತ್ತಾರೆ.

ಒಂದು ವಿದ್ಯಾಸಂಸ್ಥೆಯು ಈ ಸ್ಥಳದ ಸಾಮಗ್ರಿಗೆ ಯಂತ್ರವನ್ನು ಉಪಯೋಗಿಸಬೇಕೆಂದಿದೆಯೆಂದು ಭಾವಿಸೋಣ. ಮುದ್ರಿತ ಪಾಠಕ್ಕೆ ವಿಷಯಸೂಚಿಯನ್ನು ಕಟ್ಟುವುದು, ಕನ್ನಡ ಸಾರಾಂಶದ ಕರಡನ್ನು ಬರೆಯುವುದು ಮೊದಲನೆಯ ಬಗೆಯ ಕಾರ್ಯ. ಇಲ್ಲಿ ಮೂಲವು ಕೈಯಲ್ಲಿರುವುದರಿಂದ ತಪ್ಪನ್ನು ಹಿಡಿಯಬಹುದು. ಸವೆದುಹೋದ ಅಕ್ಷರಗಳನ್ನು ತುಂಬೆಂದು ಕೇಳುವುದು ಎರಡನೆಯ ಬಗೆ. ಯಂತ್ರವು ಛಂದಸ್ಸಿಗೊಪ್ಪುವ ಪದವನ್ನು ಕೊಟ್ಟೀತು. ಆದರೆ ಹೋಲಿಸುವುದಕ್ಕೆ ಮೂಲವೇ ಇಲ್ಲ. ಊಹೆಯು ಪಾಠವಾಗಿ ಗ್ರಂಥವನ್ನು ಸೇರಿದರೆ ಮುಂದಿನ ತಲೆಮಾರಿನವರಿಗೆ ಅದನ್ನು ಬೇರ್ಪಡಿಸುವ ದಾರಿಯಿಲ್ಲ. ಹಾಗೆಯೇ ಅಲ್ಲಮನೆಂಬ ಹೆಸರೊಂದರಿಂದಲೇ 15ನೆಯ ಶತಮಾನದ ಸುಲ್ತಾನನ ಚರಿತ್ರೆಯನ್ನು 12ನೆಯ ಶತಮಾನದ ವಚನಕಾರನ ಚರಿತ್ರೆಯೊಡನೆ ನಿರರ್ಗಳವಾಗಿ ಬೆರೆಸುವ ಸಂಭವವೂ ಉಂಟು.

ಇಂಥ ಭಯವು ಕಲ್ಪಿತವೆಂದು ಆಕ್ಷೇಪಿಸಬಹುದು. ಹಾಗಲ್ಲ. 2025ನೆಯ ಜುಲೈ ತಿಂಗಳಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸಂಗತಿಯ ಕನ್ನಡ ಬರೆಹವನ್ನು, ಮೆಟಾ ಸಂಸ್ಥೆಯ ಸ್ವಯಂಚಾಲಿತ ಅನುವಾದವು ಮುಖ್ಯಮಂತ್ರಿಯೇ ತೀರಿಕೊಂಡರೆಂಬಂತೆ ಇಂಗ್ಲಿಷಿಗೆ ತಿರುಗಿಸಿತು. ಮುಖ್ಯಮಂತ್ರಿಗಳು ಆಕ್ಷೇಪಿಸಿದ ಮೇಲೆ ಸಂಸ್ಥೆಯು ಕ್ಷಮೆ ಕೇಳಿ ದೋಷವನ್ನು ತಿದ್ದಿತು. ಅನುವಾದಯಂತ್ರವೂ ಇದರ ಸಜಾತೀಯವೇ. ಕನ್ನಡ ಬಲ್ಲವರು ಕಂಡದ್ದರಿಂದ ತಪ್ಪು ಬಯಲಾಯಿತು. ಹಳೆಯ ಶಾಸನದ ಪಾಠದಲ್ಲಿ ಕಾಣುವವರೆಷ್ಟು ಮಂದಿ?

ಆದುದರಿಂದ ಲಾಭದ ಲೆಕ್ಕವು ಹೀಗಿರಬೇಕು: ಉಳಿದ ಶ್ರಮದಿಂದ ಪರೀಕ್ಷೆಯ ಶ್ರಮವನ್ನೂ ಯಂತ್ರದ ವೆಚ್ಚವನ್ನೂ ತಪ್ಪಿಹೋದ ದೋಷದ ಹಾನಿಯನ್ನೂ ಕಳೆಯಬೇಕು. ಒಂದು ಪುಟದ ಸೂಚಿಗೆ ಕೈಯಿಂದ 20 ನಿಮಿಷ ಹಿಡಿಯುವುದೆನ್ನೋಣ. ಯಂತ್ರವು 1 ನಿಮಿಷದಲ್ಲಿ ಮಾಡಿ, ತಿದ್ದುವುದಕ್ಕೆ 8 ನಿಮಿಷ ಹಿಡಿದರೆ 11 ನಿಮಿಷ ಉಳಿಯಿತು. ತಿದ್ದುವುದಕ್ಕೇ 25 ನಿಮಿಷ ಬೇಕಾದರೆ 6 ನಿಮಿಷ ನಷ್ಟ. ವ್ಯಾಪಾರಿಯ ಪತ್ರವ್ಯವಹಾರಕ್ಕೂ ಕಚೇರಿಯ ಕಡತಕ್ಕೂ ಇದೇ ನ್ಯಾಯ. ಇಲ್ಲಿ ಅಧಿಕಾರಿಯೆಂದರೆ ಯಂತ್ರವನ್ನು ನಡೆಸಬಲ್ಲವನಲ್ಲ. ಅದರ ತಪ್ಪನ್ನು ಗುರುತಿಸಬಲ್ಲವನು. ಅಂಥವನನ್ನು ಬಿಡಿಸಿ ಹಣವನ್ನುಳಿಸುವ ಸಂಸ್ಥೆಯು ಲಾಭದ ಮೂಲವನ್ನೇ ಕಳೆದುಕೊಳ್ಳುತ್ತದೆ.

ಪಾರಸಿಯನ್ನೂ ಕನ್ನಡವನ್ನೂ ಬಲ್ಲ ಒಬ್ಬ ವಿದ್ವಾಂಸನು ಅಷ್ಟೂರಿನ ಗೋಡೆಯೆದುರು ನಿಂತಿದ್ದರೆ ಯಂತ್ರವು ಅವನಿಗೆ ಒಳ್ಳೆಯ ಲಿಪಿಕಾರನಾದೀತು. ಅವನಿಲ್ಲದಲ್ಲಿ ಅದು ಬರೆದುದನ್ನು ಒಪ್ಪುವವರೂ ಇಲ್ಲ, ತಿದ್ದುವವರೂ ಇಲ್ಲ.