ಮಳೆ ಕಾಡುವುದು ಮೊಟ್ಟೆಯನ್ನಲ್ಲ, ಮರಿಯನ್ನು

ಕೊಡಗಿನಲ್ಲಿ ಮೊದಲ ಸಲ ನಾಟಿ ಕೋಳಿ ಮರಿ ಮಾಡಿಸಲು ಹೊರಟವರಿಗೆ ಒಂದು ಬುದ್ಧಿಮಾತು ಸಿಗುವುದುಂಟು: ಮಳೆಗಾಲದಲ್ಲಿ ಕೋಳಿಯನ್ನು ಕಾವಿಗೆ ಕೂರಿಸಬೇಡಿ, ಥಂಡಿಗೆ ಮೊಟ್ಟೆ ಕೆಡುತ್ತದೆ. ಸಲಹೆ ಸರಿಯಾಗಿಯೇ ಇದೆ. ಕಾರಣ ಮಾತ್ರ ಬೇರೆ.

ಮೊದಲು ಹುಂಜದ ವಿಷಯ ಮುಗಿಸೋಣ. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಿಲ್ಲ, ಮರಿಯಾಗಲು ಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ. ಒಮ್ಮೆ ಕೂಡಿದ ಮೇಲೆ ವೀರ್ಯಾಣುಗಳು ಹೇಂಟೆಯ ಅಂಡನಾಳದ ಸಣ್ಣ ಸಣ್ಣ ಕೊಳವೆಗಳಲ್ಲಿ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಜೀವಂತವಾಗಿರುತ್ತವೆ. ಹಾಗಾಗಿ ಸಂತೆಯಿಂದ ಒಳ್ಳೆಯ ಹುಂಜ ತಂದವರು, ಹಳೆಯದನ್ನು ಬೇರೆ ಮಾಡಿ ಮೂರು ವಾರವಾದರೂ ಕಾಯದೆ ಮೊಟ್ಟೆ ಕೂಡಿಟ್ಟರೆ, ಹುಟ್ಟಿದ ಮರಿಯ ಅಪ್ಪ ಹಳೆಯ ಹುಂಜವೇ ಆಗಿರಬಹುದು. ಅದೇ ಹುಂಜವನ್ನು ಅದರ ಹೆಣ್ಣುಮರಿಗಳ ಜೊತೆಗೇ ವರ್ಷಗಟ್ಟಲೆ ಬಿಡುವುದೂ ಸಲ್ಲದು. ಪಕ್ಕದ ತೋಟದವರ ಜೊತೆ ಹುಂಜ ಅದಲುಬದಲು ಮಾಡಿಕೊಳ್ಳುವುದಕ್ಕಿಂತ ಅಗ್ಗದ ತಳಿಶಾಸ್ತ್ರ ಇನ್ನೊಂದಿಲ್ಲ.

ಹುಂಜ ಆರಿಸುವಾಗ ಅದರ ಕಾಲು ನೋಡಿ. ಹಳದಿಯಾಗಿದ್ದರೆ ಅದರ ಹಿಂದೆ ಪಶ್ಚಿಮಘಟ್ಟದ ಕಥೆಯೊಂದಿರಬಹುದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಎಂದು ಡಾರ್ವಿನ್ ವಾದಿಸಿದ್ದ. 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡ, ಚರ್ಮಕ್ಕೆ ಹಳದಿ ಬಣ್ಣ ತರುವ ಜೀನ್ ರೂಪ ಬೂದು ಕಾಡುಕೋಳಿಯಿಂದ ಬಂದದ್ದೆಂದು ತೋರಿಸಿತು. ಬೂದು ಕಾಡುಕೋಳಿ ಭಾರತದಲ್ಲಿ ಮಾತ್ರ ಇರುವ ಹಕ್ಕಿ. ಕೊಡಗಿನ ಕಾಫಿತೋಟದ ಅಂಚಿನಲ್ಲಿ ಬೆಳಗಾಗುವಾಗ ಒಡೆದ ದನಿಯಲ್ಲಿ ಕೂಗುವುದು ಅದೇ.

ಇನ್ನು ಕಾವು. ಹೇಂಟೆ ದಿನಕ್ಕೊಂದರಂತೆ, ನಡುನಡುವೆ ದಿನ ಬಿಟ್ಟು, ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆಯ ಮರಿ ಕೊನೆಯದಕ್ಕಿಂತ ಎರಡು ವಾರ ಮುಂಚೆ ಹೊರಬರಬೇಕಲ್ಲ? ಹಾಗಾಗದು. ಇಡುವ ಹೊತ್ತಿಗೇ ಮೊಟ್ಟೆಯೊಳಗಿನ ಭ್ರೂಣದಲ್ಲಿ ಸಾವಿರಾರು ಕೋಶಗಳಿರುತ್ತವೆ, ಆದರೆ ಬಿಸಿ ಸುಮಾರು 20 ಡಿಗ್ರಿಗಿಂತ ಕೆಳಗಿಳಿದರೆ ಅದರ ಬೆಳವಣಿಗೆ ನಿಂತು ಕಾಯುತ್ತದೆ. ಮಡಿಕೇರಿಯ ತಣ್ಣನೆಯ ಮೂಲೆಯಲ್ಲಿ ಮೊಟ್ಟೆ ವಾರದವರೆಗೆ ಹೀಗೆ ಚೆನ್ನಾಗಿಯೇ ಇರುತ್ತದೆ. ಥಂಡಿ ಇಲ್ಲಿ ಉಪಕಾರಿ. ಗೂಡು ತುಂಬಿತೆನಿಸಿದಾಗ ಹೇಂಟೆಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಮೊಟ್ಟೆ ನಿಲ್ಲುತ್ತದೆ, ಎದೆಯ ಪುಕ್ಕ ಉದುರಿ ಬರಿಯ ಬೆಚ್ಚನೆ ಚರ್ಮ ಮೊಟ್ಟೆಗೆ ತಾಗುತ್ತದೆ. ಅಲ್ಲಿಂದ ಎಲ್ಲ ಮೊಟ್ಟೆಗೂ ಒಂದೇ ದಿನದ ಲೆಕ್ಕ, 21 ದಿನ.

ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳಲ್ಲಿ ಈ ಗುಣವನ್ನು ಮನುಷ್ಯ ಬೇಕೆಂದೇ ಕಳೆದಿದ್ದಾನೆ. ಕಾವು ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಹಿತ್ತಲಿಗೆ ಒಳ್ಳೆಯವೇ, ಆದರೆ ಅವು ಕಾವು ಕೂರುವುದನ್ನು ನಂಬಿ ಕೂರಬೇಡಿ. ಅವುಗಳ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡಬೇಕು. ಸಂಕರ ತಳಿಯಾದ್ದರಿಂದ ಮರಿಗಳೆಲ್ಲ ತಾಯಿಯಂತೆಯೇ ಬರುತ್ತವೆಂಬ ಭರವಸೆಯೂ ಇಲ್ಲ.

ಹೇಂಟೆ ಬೇಡ, ಕರೆಂಟಿನ ಕಾವುಪೆಟ್ಟಿಗೆ ತರುತ್ತೇನೆ ಎನ್ನುವವರಿಗೆ ಕೊಡಗಿನ ಮಳೆ ಒಂದು ವಿಚಿತ್ರ ಲೆಕ್ಕ ಒಡ್ಡುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಮೊದಲ 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇಕಡ 12ರಷ್ಟನ್ನು ಆವಿಯಾಗಿ ಕಳೆದುಕೊಳ್ಳಬೇಕು. 45 ಗ್ರಾಮಿನ ನಾಟಿ ಮೊಟ್ಟೆಯಾದರೆ ಐದು ಗ್ರಾಮಿಗೆ ತುಸು ಹೆಚ್ಚು. ಹೀಗೆ ಖಾಲಿಯಾದ ಜಾಗವೇ ಮೊಂಡು ತುದಿಯ ಗಾಳಿಕೋಣೆ. ಮರಿ ತನ್ನ ಶ್ವಾಸಕೋಶದ ಮೊದಲ ಉಸಿರೆಳೆಯುವುದು ಅಲ್ಲಿಂದ. ನೀರು ಸಾಕಷ್ಟು ಹೋಗದಿದ್ದರೆ ಕೋಣೆ ಕಿರಿದಾಗಿ ಮರಿ ಒಳಗೇ ಉಸಿರುಗಟ್ಟುತ್ತದೆ. ಹಾಗಾದರೆ ಧೋ ಎಂದು ಸುರಿಯುವ ಜುಲೈನಲ್ಲಿ ನೀರು ಆರುವುದು ಹೇಗೆ?

ಚೆನ್ನಾಗಿಯೇ ಆರುತ್ತದೆ. ಹೊರಗೆ 20 ಡಿಗ್ರಿ, ತೇವಾಂಶ ಶೇಕಡ 95 ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿಯಾದಾಗ ಅದರ ತೇವಾಂಶ ಶೇಕಡ 35ರ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ಬಿಸಿ ಗಾಳಿ ಹಿಡಿಯಬಲ್ಲ ಆವಿ ಬಹಳ ಹೆಚ್ಚು. 28 ಡಿಗ್ರಿ, ಶೇಕಡ 60 ತೇವಾಂಶದ ಏಪ್ರಿಲ್ ಗಾಳಿಯನ್ನು ಬಿಸಿ ಮಾಡಿದರೂ ಸಿಗುವುದು ಹೆಚ್ಚುಕಡಿಮೆ ಇದೇ ಅಂಕಿ! ಜನವರಿಯ 14 ಡಿಗ್ರಿಯ ಮುಂಜಾವಿನ ಗಾಳಿಯಾದರೆ ಶೇಕಡ 20ಕ್ಕೆ ಇಳಿಯುತ್ತದೆ. ಪೆಟ್ಟಿಗೆಗೆ ಬೇಕಾದದ್ದು ಶೇಕಡ 50ರ ಹತ್ತಿರ, ಕೊನೆಯ ಮೂರು ದಿನ 65ಕ್ಕೂ ಮೇಲೆ. ಅಂದರೆ ಹೊರಗೆ ಎಷ್ಟೇ ಮಳೆ ಬರಲಿ, ಒಳಗೆ ನೀರಿನ ಬಟ್ಟಲು ಬೇಕು. ಮಳೆಗಾಲದಲ್ಲಿ ಪೆಟ್ಟಿಗೆಗೆ ನಿಜವಾದ ಶತ್ರು ತೇವವಲ್ಲ, ಮರ ಬಿದ್ದು ಹೋಗುವ ಕರೆಂಟು. ಮೊದಲ ಸಲಕ್ಕೆ ಹೇಂಟೆಯೇ ವಾಸಿ ಎಂಬುದು ನನ್ನ ಪಕ್ಷ: ಮೊಟ್ಟೆಯನ್ನು ದಿನಕ್ಕೆ ಹಲವು ಸಲ ಹೊರಳಿಸುವುದೂ ಅದಕ್ಕೆ ಗೊತ್ತು. ಏಳನೆಯ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು, ರಕ್ತನಾಳಗಳ ಕೆಂಪು ಬಲೆ ಕಾಣದವನ್ನು ತೆಗೆದುಬಿಟ್ಟರೆ ನಿಮ್ಮ ಕೆಲಸ ಮುಗಿಯಿತು.

ಮಳೆ ನಿಜಕ್ಕೂ ಕಾಡುವುದು 21ನೆಯ ದಿನದ ನಂತರ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಲೋಳೆಯಿಂದ ಮರಿ ಎರಡು ದಿನ ಮೇವಿಲ್ಲದೆ ಬದುಕಬಲ್ಲದು, ಆದರೆ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಅದಕ್ಕೆ ವಾರಗಳೇ ಬೇಕು. ಮೊದಲ ವಾರ ಸುತ್ತ 32ರಿಂದ 35 ಡಿಗ್ರಿ ಇರಬೇಕು. ತಾಯಿಯ ರೆಕ್ಕೆಯಡಿ ಅದು ಸಿಗುತ್ತದೆ, ನೆನೆದ ಅಂಗಳದಲ್ಲಿ ಸಿಗದು. ಒದ್ದೆ ಹಾಸಿನಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯ ಬೀಜಕಗಳು ಒಂದೆರಡು ದಿನದಲ್ಲೇ ಬಲಿತು ಸೋಂಕು ಹರಡುತ್ತವೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ಎಂದು ಅನುಮಾನಿಸಿ. ಭತ್ತದ ಹೊಟ್ಟು ಹಾಸಿ, ನೆನೆದದ್ದನ್ನು ಆಗಾಗ ತೆಗೆಯಬೇಕು. ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಕಣ್ಣಿಗೆ ಹಾಕಿಸಬೇಕು, ಇದಕ್ಕೆ ಕಾಲದ ರಿಯಾಯಿತಿ ಇಲ್ಲ.

ಆದ್ದರಿಂದ ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಕಾವಿಗೆ ಕೂರಿಸಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮರಿ ಅಂಗಳದಲ್ಲಿರುತ್ತದೆ. ಆಗ ಕಾಫಿ ಕೊಯ್ಲು ಶುರುವಾಗಿ ಮನೆಮಂದಿ ತೋಟದಲ್ಲಿರುವುದರಿಂದ ಹಗಲು ಹದ್ದು, ಮುಂಗುಸಿಗಳ ಕಾಟ ಜಾಸ್ತಿ; ಮರಿಗಳನ್ನು ಪಂಜರದಡಿ ಮುಚ್ಚಿಡುವುದು ಅನಿವಾರ್ಯ. ಮುಂದಿನ ಜೂನಿನಲ್ಲಿ ಮಳೆ ಹಿಡಿಯುವಾಗ ಅವುಗಳಿಗೆ ಆರೇಳು ತಿಂಗಳಾಗಿ ಮೈತುಂಬ ಪುಕ್ಕವಿರುತ್ತದೆ, ಹೇಂಟೆಗಳು ಮೊದಲ ಮೊಟ್ಟೆಗೆ ಮೂಲೆ ಹುಡುಕತೊಡಗಿರುತ್ತವೆ.