ಅಜ್ಜಿಯ ದೂರು

"ಬೆಳಿಗ್ಗೆಯಿಂದ ಒಂದು ತುತ್ತು ಹಾಕಿಲ್ಲ ನೋಡಮ್ಮ ಇವಳು." ಪಕ್ಕದ ಮನೆಯಾಕೆಗೆ ಅಜ್ಜಿ ಹೀಗೆ ಹೇಳುವಾಗ ಅವರ ಸೆರಗಿಗೆ ಉಪ್ಪಿಟ್ಟಿನ ಸಾಸಿವೆ ಇನ್ನೂ ಅಂಟಿಕೊಂಡಿರುತ್ತದೆ. ಕೇಳಿಸಿಕೊಂಡವರು ಸೆರಗು ನೋಡುವುದಿಲ್ಲ, ಸೊಸೆಯ ಮುಖ ನೋಡುತ್ತಾರೆ.

ಅಲ್ಝೈಮರ್ ಇರುವ ಮನೆಗಳಲ್ಲಿ ಇದು ಮಾಮೂಲು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನೆಂಟರ ಅನುಮಾನ; ಬೇಕಂತಲೇ ಹೇಳುತ್ತಾರೆ ಎಂದು ಮನೆಯವರ ಸಿಟ್ಟು. ಎರಡೂ ತಪ್ಪು. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಈ ಕಾಯಿಲೆ ಸಾಮಾನ್ಯವಾಗಿ ಮೊದಮೊದಲೇ ಕೈಹಾಕುತ್ತದೆ. ಐವತ್ತು ವರ್ಷದ ಹಿಂದಿನ ಧಾರೆ ಸೀರೆಯ ಬಣ್ಣ ನೆನಪಿರುತ್ತದೆ, ಅರ್ಧ ಗಂಟೆ ಹಿಂದಿನ ತಿಂಡಿ ಒಳಗೆ ದಾಖಲಾಗಿಯೇ ಇರುವುದಿಲ್ಲ. ಬಳೆ ಬಿಚ್ಚಿಟ್ಟದ್ದೇ ಗೊತ್ತಿಲ್ಲದವರಿಗೆ ಯಾರೋ ಕದ್ದರು ಎನ್ನಿಸುವುದು ಸಹಜ. ದಿನವಿಡೀ ಕಣ್ಣೆದುರಿಗಿರುವವರೇ ಆ ಕಳ್ಳರು!

"ಆಗಲೇ ತಿಂದ್ರಲ್ಲ ಅತ್ತೆ" ಎಂದು ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ. "ಆಯ್ತು, ತರ್ತೀನಿ" ಎಂದು ಅರ್ಧ ಬಾಳೆಹಣ್ಣು ಕೈಗಿಟ್ಟರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಅದನ್ನು ಸುಳ್ಳು ಎನ್ನುವವರು ಒಂದು ದಿನ ಆ ಮನೆಯಲ್ಲಿದ್ದು ನೋಡಲಿ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೂ ಕಡಿಮೆ ಹಾನಿ ಮಾಡಿಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಆಗುಸ್ಟೆ ಡೆಟರ್ ಎಂಬಾಕೆಯ ಮಿದುಳನ್ನು ಪರೀಕ್ಷಿಸಿ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51. ಅಲ್ಲೂ ಮೊದಲು ಕಾಣಿಸಿದ್ದು ಗಂಡನ ಮೇಲಿನ ಸಂಶಯ. ವಯಸ್ಸಾದಂತೆ ಅಪಾಯ ಹೆಚ್ಚುವುದು ನಿಜ, ಆದರೆ ಮುಪ್ಪೇ ಕಾಯಿಲೆಯಲ್ಲ. "ವಯಸ್ಸಾಯ್ತಲ್ಲ" ಎಂದು ಸುಮ್ಮನಿದ್ದರೆ ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಂಥ, ಚಿಕಿತ್ಸೆಯಿರುವ ಕಾರಣಗಳೂ ಕೈತಪ್ಪುತ್ತವೆ. ಅಲ್ಝೈಮರ್ ಗುಣವಾಗುವುದಿಲ್ಲ ಎಂಬುದು ಸತ್ಯ. ಕೆಲವರಿಗೆ ಮಾತ್ರೆಯಿಂದ ಸ್ವಲ್ಪ ಕಾಲ ಅನುಕೂಲವಾಗುತ್ತದೆ ಎಂಬುದೂ ಸತ್ಯ.

ಇನ್ನು "ಮನೆಯವರೇ ನೋಡ್ಕೋಬೇಕು" ಎಂಬ ಮಾತು. ಮನೆಯವರು ಎಂದರೆ ಸಾಮಾನ್ಯವಾಗಿ ಒಬ್ಬಳೇ ಹೆಂಗಸು. ಹಿರಿಯರಿಗಾಗಿ ಇರುವ ಸಹಾಯವಾಣಿ 14567ಕ್ಕೆ, ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಅವಳು ಕರೆ ಮಾಡಬಹುದು. ಪಕ್ಕದ ಮನೆಯಾಕೆಗೆ ಇನ್ನೂ ಸುಲಭದ ಕೆಲಸವಿದೆ: ವಾರಕ್ಕೊಮ್ಮೆ ಎರಡು ಗಂಟೆ ಅಜ್ಜಿಯ ಜೊತೆ ಕೂತು ಸೊಸೆಯನ್ನು ಹೊರಗೆ ಕಳಿಸುವುದು. ಆಕೆ ಕಾಫಿ ಕೊಟ್ಟ ಹತ್ತೇ ನಿಮಿಷಕ್ಕೆ ಅಜ್ಜಿ ಕೇಳುತ್ತಾರೆ, "ಈ ಮನೇಲಿ ಕಾಫಿ ಕೊಡೋರು ಯಾರೂ ಇಲ್ವಾ?"